ಕುಡ್ಜು ಬಳ್ಳಿಯ ಊರಿನ ಬ್ಯಾಂಡ್

1983ರಲ್ಲಿ ಬಂದ ‘ಮರ್ಮರ್’ ಆಲ್ಬಮ್ಮಿನ ಮುಖಪುಟದಲ್ಲಿ ಹಾಡಿದವರ ಮುಖಗಳಿಲ್ಲ. ಇರುವುದು ಒಂದು ಕಳೆ. ಮಣ್ಣಿನ ಸವಕಳಿ ತಡೆಯಲೆಂದು 1930ರ ದಶಕದಲ್ಲಿ ಅಮೆರಿಕದ ಸರ್ಕಾರವೇ ನೆಡಿಸಿದ ಜಪಾನಿನ ದ್ವಿದಳ ಬಳ್ಳಿ ಕುಡ್ಜು, ಆಮೇಲೆ ಮರ, ಕಂಬ, ಪಾಳುಮನೆಗಳನ್ನೆಲ್ಲ ಮುಚ್ಚಿಬಿಟ್ಟಿತು. ಕೃಷಿ ಕಾಲೇಜಿನ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಆ ಕ್ಯಾಸೆಟ್ ಕೊಟ್ಟಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಆ ಬಳ್ಳಿಯೇ. ಹಾಡು ಹಿಡಿದದ್ದು ಆಮೇಲೆ.

ಬ್ಯಾಂಡಿನ ಹೆಸರು ಆರ್.ಇ.ಎಂ. ಊರು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್. ಪೀಟರ್ ಬಕ್ ಕೆಲಸಕ್ಕಿದ್ದ ರೆಕಾರ್ಡ್ ಅಂಗಡಿಗೆ ಮೈಕಲ್ ಸ್ಟೈಪ್ ಗಿರಾಕಿಯಾಗಿ ಬಂದು ಸ್ನೇಹ ಬೆಳೆಯಿತು. ಮೈಕ್ ಮಿಲ್ಸ್, ಬಿಲ್ ಬೆರಿ ಜೊತೆಯಾದರು. 1980ರ ಏಪ್ರಿಲ್ 5ರಂದು, ಪ್ರಾರ್ಥನೆ ನಿಂತುಹೋಗಿದ್ದ ಹಳೆಯ ಚರ್ಚೊಂದರಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಮೊದಲ ಬಾರಿ ನುಡಿಸಿದರು.

ಆ ಮೊದಲ ಆಲ್ಬಮ್ಮಿನಲ್ಲಿ ಸ್ಟೈಪ್ ಏನು ಹಾಡುತ್ತಿದ್ದಾರೆಂದು ನನಗೆ ತಿಳಿಯುತ್ತಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು ನಾನು. ತರಗತಿಯ ಇಂಗ್ಲಿಷೇ ಕಷ್ಟವಾಗಿದ್ದ ದಿನಗಳು. ಆದರೂ ಆ ದನಿಯಲ್ಲಿದ್ದ ಕಳವಳ, ಅದರ ಹಿಂದೆ ಹನಿಹನಿಯಾಗಿ ಉದುರುವ ಬಕ್ ಅವರ ಗಿಟಾರ್, ಎರಡೂ ನೇರವಾಗಿ ಎದೆಗೆ ತಾಗುತ್ತಿದ್ದವು. ಮುಂದೆ ಸಂಶೋಧನೆಗೆಂದು ಅದೇ ಅಥೆನ್ಸಿಗೆ ಹೋದಾಗ, ಅಲ್ಲಿಯೇ ಹುಟ್ಟಿ ಬೆಳೆದ ನನ್ನ ಪ್ರಯೋಗಾಲಯದ ಗೆಳೆಯರಿಗೂ ಆ ಸಾಲುಗಳು ಪೂರ್ತಿ ತಿಳಿದಿರಲಿಲ್ಲ! ತಲೆಗೊಂದರಂತೆ ತಮಗೆ ಕೇಳಿಸಿದ್ದನ್ನೇ ಹಾಡಿಕೊಳ್ಳುತ್ತಿದ್ದರು. ಇಂಗ್ಲಿಷಿನ ಎದುರು ನನಗಿದ್ದ ಅಳುಕು ಕಳೆದದ್ದು ಅಲ್ಲಿ. ಕೇಳುವವರಲ್ಲಿ ಮೇಲು ಕೀಳು ಮಾಡದ ಹಾಡುಗಳು ಅವು.

1991ರಲ್ಲಿ ಬಕ್ ಅವರ ಮ್ಯಾಂಡೊಲಿನ್ ಹಾಡೊಂದು ಜಗತ್ತನ್ನೇ ಸುತ್ತಿತು. ಅದರ ವಿಡಿಯೊ ನಿರ್ದೇಶಿಸಿದ್ದು ಜಲಂಧರ್ ಮೂಲದ ತರ್ಸೆಮ್ ಸಿಂಗ್ ಎಂದು ತಿಳಿದಾಗ ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ನಮಗೆಲ್ಲ ಎಷ್ಟು ಹೆಮ್ಮೆ! ಅಷ್ಟು ಹೆಸರು ಬಂದ ಮೇಲೂ ಅವರು ಒಂದು ಪದ್ಧತಿಯನ್ನು ಬಿಡಲಿಲ್ಲ: ಹಾಡು ಯಾರೇ ಕಟ್ಟಲಿ, ನಾಲ್ವರ ಹೆಸರೂ ಸಮನಾಗಿ ಇರಬೇಕು. ದುಡ್ಡಿಗಾಗಿ ಅಣ್ಣತಮ್ಮಂದಿರೇ ಒಡೆದುಹೋಗುವ ಲೋಕದಲ್ಲಿ ಇದು ಸಣ್ಣ ಮಾತಲ್ಲ.

1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ವೇದಿಕೆಯ ಮೇಲೆಯೇ ಬೆರಿ ಕುಸಿದರು; ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಬದುಕಿ ಬಂದು ಮತ್ತೆ ಡ್ರಮ್ಸ್ ಮುಂದೆ ಕುಳಿತರು. 1997ರಲ್ಲಿ ಬ್ಯಾಂಡ್ ಬಿಟ್ಟರು. ತಾನು ಹೋದರೆ ಬ್ಯಾಂಡ್ ಒಡೆಯುವುದಾದರೆ ಹೋಗುವುದೇ ಇಲ್ಲವೆಂದು ಹೇಳಿ, ಗೆಳೆಯರ ಒಪ್ಪಿಗೆ ಪಡೆದೇ ಹೊರಟರು. ಹೋದದ್ದು ಎಲ್ಲಿಗೆ? ಅಥೆನ್ಸಿನ ಹತ್ತಿರದ ತಮ್ಮ ಜಮೀನಿಗೆ, ಹುಲ್ಲು ಬೆಳೆಯಲು. ಕೃಷಿ ಓದುವ ನನ್ನ ತಮ್ಮಂದಿರೇ, ತಂಗಿಯರೇ, ಜಗತ್ತಿನ ದೊಡ್ಡ ವೇದಿಕೆಗಳನ್ನೆಲ್ಲ ಕಂಡವರೊಬ್ಬರು ತಾವಾಗಿ ಹೊಲವನ್ನು ಆರಿಸಿಕೊಂಡದ್ದನ್ನು ನಿಮಗೆ ಹೇಳಬೇಕೆಂದೇ ಇದನ್ನು ಬರೆಯಲು ಕುಳಿತೆ.

ಉಳಿದ ಮೂವರ ಕೊನೆಯ ವರ್ಷಗಳ ಆಲ್ಬಮ್‌ಗಳಲ್ಲಿ ಎಲ್ಲವೂ ನನಗೆ ಇಷ್ಟವಲ್ಲ. 2011ರ ಸೆಪ್ಟೆಂಬರ್ 21ರಂದು, ಜಗಳ ಮನಸ್ತಾಪಗಳಿಲ್ಲದೆ, ಇನ್ನು ಸಾಕೆಂದು ನಿಲ್ಲಿಸಿದರು. ಆ ದಿನ ನನಗೆ ಕೆಲಸ ಮಾಡಲಾಗಲಿಲ್ಲ. ಹೊಲಕ್ಕೆ ಹೋಗಿ ಸುಮ್ಮನೆ ಬದುವಿನ ಮೇಲೆ ಕುಳಿತಿದ್ದೆ.

2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಸನ್ಮಾನ ಸಮಾರಂಭವೊಂದರಲ್ಲಿ ನಾಲ್ವರೂ ಸೇರಿ ಆ ಮ್ಯಾಂಡೊಲಿನ್ ಹಾಡೊಂದನ್ನೇ ನುಡಿಸಿದರು. ಹೊಸ ಪ್ರವಾಸವನ್ನೇನೂ ಘೋಷಿಸಲಿಲ್ಲ. ಮತ್ತೆ ಒಂದಾಗಿ ಎಂದು ಬೇಡುವ ಅಭಿಮಾನಿಗಳ ಸಾಲಿನಲ್ಲಿ ನಾನಿಲ್ಲ. ಅವರು ಗೆಳೆಯರಾಗಿಯೇ ಉಳಿದಿದ್ದಾರೆ. ನನಗೆ ಬೇಕಿದ್ದದ್ದು ಅದು.