ಚೊಗರು ಮತ್ತು ಚಿಕ್ಕಪ್ಪನ ಬಾಯಿ

ದೀಪಾವಳಿಗೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ ಅಡಿಕೆ ಕೊಯ್ಲು ಜೋರಾಗಿತ್ತು. ನಾನೂ ಒಂದು ಕತ್ತಿ ಹಿಡಿದು ಸುಲಿಯಲು ಕೂತೆ. ಅರ್ಧ ಗಂಟೆಗೆಲ್ಲ ಬೆರಳು ಕಪ್ಪಾದವು. ಸೋಪಿಗೆ ಹೋಗುವ ಕಪ್ಪಲ್ಲ ಅದು. ಕತ್ತಿಯ ಕಬ್ಬಿಣ, ಅಡಿಕೆಯ ಟ್ಯಾನಿನ್ ಎಂಬ ಒಗರು ಪದಾರ್ಥ ಸೇರಿ ಆಗುವ ಬಣ್ಣ.

ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ವಾಪಸ್ ಬರುವಾಗ ಒಂದು ಬಾಟಲಿ ಚೊಗರು ತಂದೆ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಡುಕೆಂಪು ನೀರು ಅದು. ಬೆಂದ ಅಡಿಕೆಗೆ ಹೊಳಪು ಕೊಡುವುದೂ ಅದೇ, ಹೆಗ್ಗೋಡಿನ ಚರಕ ಎಂಬ ಕೈಮಗ್ಗ ಸಂಸ್ಥೆಯಲ್ಲಿ ಬಟ್ಟೆಗೆ ಬಣ್ಣ ಆಗುವುದೂ ಅದೇ.

ಕೇಕ್ ಸಾಮಾನಿನ ಅಂಗಡಿಯಿಂದ ಜೆಲಾಟಿನ್ ಪುಡಿ ತಂದು, ಅರ್ಧ ಚಮಚದಷ್ಟನ್ನು ಬಿಸಿನೀರಿಗೆ ಹಾಕಿ ಕರಗಿಸಿದೆ. ಚೊಗರಿಗೆ ನೀರು ಬೆರೆಸಿ ಸೋಸಿ, ಕ್ಲಾಸಿನಲ್ಲೇ ಅದಕ್ಕೆ ಹನಿ ಹನಿಯಾಗಿ ಬಿಟ್ಟೆ. ಮೊದಲ ಹನಿಗೇ ಲೋಟದೊಳಗೆ ಹೊಗೆ ಎದ್ದ ಹಾಗಾಯಿತು. ಹತ್ತನೇ ಹನಿಗೆ ಹಾಲು ಒಡೆದಂತೆ ಗರಣೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಮುದ್ದೆ. ಹಿಂದಿನ ಬೆಂಚಿನವರೂ ಎದ್ದು ಬಂದರು.

ಚೊಗರಿನಲ್ಲಿರುವ ಟ್ಯಾನಿನ್ ಅಣುವಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು. ಪ್ರೋಟೀನಿಗೆ ಅಂಟಿಕೊಳ್ಳಲು ಇವು ನೆರವಾಗುತ್ತವೆ. ಒಂದೇ ಅಣು ಒಂದಕ್ಕಿಂತ ಹೆಚ್ಚು ಪ್ರೋಟೀನ್ ಎಳೆಗಳನ್ನು ಒಟ್ಟಿಗೆ ಹಿಡಿಯುತ್ತದೆ. ಪ್ರೋಲಿನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುವ ಪ್ರೋಟೀನ್ ಸಿಕ್ಕರಂತೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಎಂಜಲಿನಲ್ಲಿ ಅಂಥ ಪ್ರೋಟೀನ್ ಇದೆ. ಹಸಿ ಅಡಿಕೆ ಕಚ್ಚಿದಾಗ ನಾಲಿಗೆ ಒಣಗಿ ದೊರಗಾಗುತ್ತದಲ್ವಾ, ಅದು ಇದೇ ಗರಣೆ. ಒಗರು ಅನ್ನುವುದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟೀಗೆ ಹಾಲು ಹಾಕಿದರೆ ಒಗರು ಕಡಿಮೆಯಾಗುವುದೂ ಹೀಗೇ. ಹಾಲಿನ ಪ್ರೋಟೀನ್ ಮೊದಲೇ ಟ್ಯಾನಿನ್ ಹಿಡಿದಿಟ್ಟುಕೊಂಡಿರುತ್ತದೆ.

ಜೆಲಾಟಿನ್ ಅಂದರೆ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬೇಯಿಸಿ ತೆಗೆದದ್ದು. ಕೊಲಾಜೆನ್ ಮೂರು ಎಳೆ ಹೊಸೆದ ಹಗ್ಗ. 1954ರಲ್ಲಿ ಮದ್ರಾಸಿನಲ್ಲಿ ಇದನ್ನು ಹೇಳಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರು ಎಕ್ಸ್‌ರೇ ಹಿಡಿದು ನೋಡಿದ್ದು ಕಾಂಗರೂ ಬಾಲದ ಸ್ನಾಯುರಜ್ಜು! ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು ಎಂದು ಹೇಳುವಾಗ ನನಗೆ ಪ್ರತಿ ವರ್ಷವೂ ಖುಷಿಯಾಗುತ್ತದೆ. ಈ ಹಗ್ಗಕ್ಕೆ ಟ್ಯಾನಿನ್ ಹೊಕ್ಕು ಬಿಗಿದರೆ ಹಸಿ ಚರ್ಮ ಕೊಳೆಯುವುದಿಲ್ಲ. ಚರ್ಮ ಹದ ಮಾಡುವವರು ತಂಗಡಿ ತೊಗಟೆಯ ನೀರಲ್ಲಿ ನೆನೆಸುವುದು ಇದಕ್ಕೇ.

"ಹಂಗಾದ್ರೆ ಮೇಡಂ, ದಿನಾ ಅಡಿಕೆ ಹಾಕೋರ ಬಾಯಿ?" ಅಂದಳು ಒಬ್ಬ ಹುಡುಗಿ.

ನನಗೆ ಚಿಕ್ಕಪ್ಪ ನೆನಪಾದರು. ಮೂವತ್ತು ವರ್ಷ ಎಲೆಅಡಿಕೆಯ ಕವಳ, ಆಮೇಲೆ ಗುಟ್ಕಾದಂಥ ಪ್ಯಾಕೆಟ್. ಮೊದಲು ಸಾರಿನ ಖಾರವೂ ಬಾಯಿಗೆ ಉರಿಯತೊಡಗಿತು. ಆಮೇಲೆ ತುತ್ತು ಸಣ್ಣದಾಯಿತು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ ಅಂದರು ಡಾಕ್ಟರು. ಎರಡೂ ಪೂರ್ತಿ ಹೋಗಲಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ಗಟ್ಟಿಯಾಗಿ ಬಿಗಿಯುವ ರೋಗ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಜೀವಕೋಶಗಳಿಂದ ಕೊಲಾಜೆನ್ ಜಾಸ್ತಿ ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ, ಎಳೆಗಳನ್ನು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಟ್ಯಾನಿನ್ ಬಿಗಿದ ಎಳೆಯನ್ನು ಕಡಿಯುವುದು ದೇಹಕ್ಕೆ ಕಷ್ಟ. ಮೆತ್ತಗಿದ್ದ ಕೆನ್ನೆ ಹಗ್ಗದಂತೆ ಸೆಟೆಯುತ್ತದೆ. ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅಡಿಕೆ ದುಡ್ಡೇ. ಆದರೂ ಆ ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳಪ್ಪನೂ ಹಾಕುತ್ತಾರಂತೆ.

ಚಿಕ್ಕಪ್ಪ ಈಗ ಪೂರ್ತಿ ಬಿಟ್ಟಿದ್ದಾರೆ. ಗಟ್ಟಿಯಾದದ್ದು ಮೊದಲಿನಂತಾಗುವುದಿಲ್ಲ, ವ್ಯಾಯಾಮದಿಂದ ಸ್ವಲ್ಪ ಸಡಿಲವಾಗುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳುತ್ತಾರೆ. ಶುರುವಿನಲ್ಲಿ ಹನ್ನೆರಡು ಕಡ್ಡಿ ಹಿಡಿಯುತ್ತಿತ್ತು. ಭಾನುವಾರ ಫೋನ್ ಮಾಡಿದಾಗ, "ಹದಿನೈದು ಹೋತು ಕಣೇ" ಅಂದರು.