ಕೌದಿ: ಅಂಚು ಮುಗಿಯಿತು, ನಡುಭಾಗ ಬಾಕಿ

ಹಳೆ ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆ, ಕೌದಿ, ಅದರ ಅಂಚಿನ ಮೊದಲ ಸುತ್ತು ಹೊಲಿದಾಯಿತು. ಅಡಿಗೆ ಅಪ್ಪನ ಹಳೆ ಧೋತರ, ಮೇಲೆ ಅವ್ವನ ಇಳಕಲ್ ಸೀರೆಗಳ ತುಂಡುಗಳು. ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಪದ್ಧತಿಯನ್ನೇ ಹಿಡಿದಿದ್ದೇನೆ: ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುವುದು. ಮಷಿನ್ ಮುಟ್ಟಿಲ್ಲ, ಕೈಯಲ್ಲೇ ಸಾದಾ ಹೊಲಿಗೆ.

ಹೊಲಿಗೆಗಿಂತ ಹೆಚ್ಚು ಹೊತ್ತು ಹಿಡಿದದ್ದು ಯಾವ ತುಂಡು ಎಲ್ಲಿಗೆ ಅನ್ನುವುದು. ಚೆನ್ನಾಗಿ ಉಳಿದ ಭಾಗವನ್ನಷ್ಟೇ ಕತ್ತರಿಸೋಣ ಎಂದಳು ಅಕ್ಕ. ನನಗೆ ಬೇಕಾದದ್ದು ಬಳಸಿ ಸವೆದ ಭಾಗ. ಅವ್ವ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸುತ್ತಿದ್ದ ಕಡೆ ತುಕ್ಕಿನ ಕಲೆ ಕೂತಿದೆ, ಅದು ನಡುಭಾಗಕ್ಕೆ. ನೆನಪಿಗೆಂದು ಫೋಟೋ ಅಚ್ಚು ಹಾಕಿಸಿದ ದಿಂಬು, ಚಹಾ ಕಪ್ಪುಗಳು ನನಗೆ ಅಷ್ಟಕ್ಕಷ್ಟೆ. ಫೋಟೋ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತದೆ. ಈ ತುಕ್ಕು ಯಾರದೆಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಇಳಕಲ್ ಸೀರೆಯ ಒಡಲಿನ ಹತ್ತಿ ನೂಲನ್ನೂ ಸೆರಗಿನ ರೇಷ್ಮೆಯನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಸೀರೆಯ ಒಡಲು ಪೂರ್ತಿ ಮಾಸಿದೆ, ಟೋಪ್‌ತೆನಿ ಎಂಬ ವಿನ್ಯಾಸದ ಸೆರಗು ಇನ್ನೂ ಕೆಂಪಗಿದೆ. ಆ ಕೂಡು ಕತ್ತರಿಯ ಬಾಯಿಗೆ ಸಿಗದಂತೆ ಅಖಂಡವಾಗಿ ತೆಗೆದು, ಹೊದ್ದಾಗ ಎದೆಯ ಹತ್ತಿರ ಬರುವಂತೆ ಇಟ್ಟೆ. ಕೌದಿ ಮೇಲೆ ಎಳೆದುಕೊಳ್ಳುವಾಗ ಕೈ ಅಲ್ಲಿಗೇ ಹೋಗುತ್ತದೆ.

ಅಪ್ಪನ ಅಂಗಿಯ ಕಿಸೆಯನ್ನು ಬಿಚ್ಚಲು ಕೂತಾಗ ದೊಡ್ಡವ್ವ ತಡೆದಳು: "ಅದನ್ಯಾಕ ಬಿಚ್ಚಾಕತ್ತಿ? ಹಂಗ ಇರ್ಲಿ ಬಿಡು." ಕಿಸೆ ಕಿಸೆಯಾಗಿಯೇ ತಲೆದಿಂಬಿನ ಕಡೆ ಕೂತಿತು. ಅಕ್ಕನ ಮಗ ಈಗಾಗಲೇ ಅದರಲ್ಲಿ ಗೋಲಿ ಬಚ್ಚಿಟ್ಟಿದ್ದಾನೆ. ಅಜ್ಜನನ್ನು ಅವನು ನೋಡಿಯೇ ಇಲ್ಲ. ಅವನ ಪಾಲಿಗೆ ಅದು ಗೋಲಿಯ ಕಿಸೆ, ಅಷ್ಟೇ. ನನ್ನ ನೆನಪುಗಳಿಂದಲೇ ಕೌದಿ ತುಂಬಿಬಿಟ್ಟರೆ ಇಂಥವನಿಗೆ ಜಾಗವೆಲ್ಲಿ? ಆಮೇಲೆ ಬರುವ ತೇಪೆಗಳಿಗೆಂದು ಕಾಲಿನ ಕಡೆ ಸಾದಾ ಬಟ್ಟೆಯನ್ನೇ ಬಿಟ್ಟಿದ್ದೇನೆ.

ತಾವೇ ಜೋಡಿಸಿದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆಂದು ಸಂಶೋಧಕರಾದ ನಾರ್ಟನ್, ಮೋಶನ್, ಏರಿಯಲಿ 2012ರ ಪ್ರಬಂಧದಲ್ಲಿ ತೋರಿಸಿದರು. ಕೊಂಡವರೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಐಕಿಯಾ ಕಂಪನಿಯ ಹೆಸರಿನಲ್ಲಿ ಅದಕ್ಕೆ 'ಐಕಿಯಾ ಪರಿಣಾಮ' ಎಂದೇ ಹೆಸರು. ನಮ್ಮ ಮನೆಯಲ್ಲಂತೂ ನಾಲ್ಕು ಟಾಕಿ ಹಾಕಿದವರೆಲ್ಲ ಕೌದಿ ತಮ್ಮದೇ ಅನ್ನುತ್ತಿದ್ದಾರೆ.

ಇನ್ನು ಮೂಲೆಗಳು. ಬಣ್ಣದ ಬಟ್ಟೆ ಮಡಚಿ ಹೊಲಿಯುವ ಹೂವು ಮೂಲೆಯಲ್ಲಿ ಇಲ್ಲದಿದ್ದರೆ ಸಿದ್ದಿಯರ ಲೆಕ್ಕದಲ್ಲಿ ಕೌದಿ ಬೆತ್ತಲೆ. ಅಕ್ಕ ತನ್ನ ಶಾಲೆಯ ನೀಲಿ ಲಂಗ ಕೊಡಲು ಒಪ್ಪಿದ್ದಾಳೆ. ಕತ್ತರಿ ಮಾತ್ರ ತಾನೇ ಹಾಕಬೇಕಂತೆ.