ಇಂಜಿನ್ ಓಡುವಾಗ ಟರ್ಮಿನಲ್ ಎತ್ತಬೇಡಿ

ಡೈನಮೋ ಚಾರ್ಜ್ ಮಾಡುತ್ತಿದೆಯೋ ಇಲ್ಲವೋ ನೋಡಲು ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಎತ್ತುವ (ಅಂದ್ರೆ ವೈರಿನ ಕ್ಲ್ಯಾಂಪ್ ಕಳಚುವ) ಚಾಳಿ ನಮ್ಮ ಲಾರಿ ಲೈನಿನಲ್ಲಿ ಇನ್ನೂ ಹೋಗಿಲ್ಲ. ಇಂಜಿನ್ ನಿಲ್ಲಲಿಲ್ಲ ಅಂದ್ರೆ ಡೈನಮೋ ಸರಿ ಇದೆ ಅಂತ ಲೆಕ್ಕ. ಹಳೇ ಪಂಪಿನ ಡೀಸೆಲ್ ಇಂಜಿನ್ ಕರೆಂಟ್ ಇಲ್ಲದೆಯೂ ಓಡುತ್ತೆ, ಹಾಗಾಗಿ ಆಗಲೂ ಈ ಪರೀಕ್ಷೆಗೆ ಅರ್ಥ ಇರಲಿಲ್ಲ ಬಿಡಿ. ಆದರೆ ಆಗ ಗಾಡಿಯಲ್ಲಿ ಸುಟ್ಟುಹೋಗುವಂಥದ್ದು ಜಾಸ್ತಿ ಇರಲಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಇಂಜೆಕ್ಟರ್‌ನಿಂದ ಹಿಡಿದು ಎಲ್ಲದಕ್ಕೂ ಇಸಿಯು, ಅಂದ್ರೆ ಇಂಜಿನ್ ನಡೆಸುವ ಕಂಪ್ಯೂಟರ್, ಬೇಕು.

ಟರ್ಮಿನಲ್ ಎತ್ತಿದಾಗ ಡೈನಮೋ ಬ್ಯಾಟರಿಗೆ ತಳ್ಳುತ್ತಿದ್ದ ಕರೆಂಟಿಗೆ ಒಮ್ಮೆಲೇ ದಾರಿ ಬಂದ್ ಆಗುತ್ತದೆ. ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕಟ್ ಮಾಡಿದರೂ, ಡೈನಮೋ ಒಳಗೆ ತಿರುಗುವ ರೋಟರಿನ ಫೀಲ್ಡ್ (ಅಯಸ್ಕಾಂತ ಶಕ್ತಿ) ತಕ್ಷಣ ಇಳಿಯುವುದಿಲ್ಲ. ತಡೆ ಇಲ್ಲದಿದ್ದರೆ 24 ವೋಲ್ಟಿನ ಗಾಡಿಯಲ್ಲಿ 150–200 ವೋಲ್ಟ್‌ವರೆಗೂ ಜಿಗಿಯಬಹುದು, 12ರದ್ದರಲ್ಲಿ 80–100. ಸೆಕೆಂಡಿನ ಮೂರನೇ ಒಂದು ಭಾಗದವರೆಗೂ ಅದು ಉಳಿದೀತು. ಚಿಪ್ ಸುಡಲು ಅಷ್ಟು ಸಾಕು.

ಈಗಿನ ಡೈನಮೋ, ಇಸಿಯು ಎರಡರಲ್ಲೂ ಸಾಮಾನ್ಯವಾಗಿ ಇದನ್ನು ತಡೆಯುವ ಡಯೋಡ್ ಇರುತ್ತದೆ. ಹಾಗಾಗಿ ಎಷ್ಟೋ ಸಲ ಇಸಿಯು ಬಚಾವಾಗುತ್ತದೆ. ನಾನು ಕಂಡಂತೆ ಮೊದಲು ಹೋಗುವುದು ಹೊರಗೆ ಹಾಕಿಸಿದ ಅಗ್ಗದ ಸ್ಟೀರಿಯೋ, ಎಲ್‌ಇಡಿ ಪಟ್ಟಿ.

ಚಾರ್ಜ್ ನೋಡಲು ಬ್ಯಾಟರಿಗೆ ವೋಲ್ಟ್ ಮೀಟರ್ ಇಡಿ ಸಾಕು. ಇಂಜಿನ್ ಓಡುವಾಗ 24ರ ಗಾಡಿಯಲ್ಲಿ 28ರ ಆಸುಪಾಸು, 12ರದ್ದರಲ್ಲಿ 14ರ ಆಸುಪಾಸು ಬರಬೇಕು.

ಯಾರೂ ಎತ್ತದಿದ್ದರೂ ಸಡಿಲ ಟರ್ಮಿನಲ್ ರಸ್ತೆಯ ಪ್ರತಿ ಗುಂಡಿಗೂ ಇದೇ ಕೆಲಸ ಮಾಡೀತು. ಕ್ಲ್ಯಾಂಪ್ ಕೈಯಲ್ಲಿ ತಿರುಗುತ್ತದೆಯಾ, ಬಿಳಿ-ಹಸಿರು ಪುಡಿ ಕೂತಿದೆಯಾ ನೋಡಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ಅದೇ ಕಂಬದ ಕ್ಲ್ಯಾಂಪಿಗೆ ಇಟ್ಟು ಸೆಲ್ಫ್ ಹೊಡೆಸಿ. ಸೊನ್ನೆಗೆ ಹತ್ತಿರ ಇರಬೇಕು. 0.2 ವೋಲ್ಟ್ ದಾಟಿದರೆ ಬಿಚ್ಚಿ ಉಜ್ಜಿ, ಬಿಗಿ ಮಾಡಿ. ಇಂಜಿನ್ ಆಫ್ ಮಾಡಿಯೇ ಬಿಚ್ಚಿ, ಅದನ್ನೂ ಹೇಳಬೇಕಾಗುತ್ತೆ ಕೆಲವರಿಗೆ!

ಇಂಥದ್ದೇ ಸ್ಪೈಕ್ (ವೋಲ್ಟೇಜಿನ ದಿಢೀರ್ ಜಿಗಿತ) ಕೊಡುವ ಇನ್ನೊಂದು ಏರ್ ಹಾರನ್ ರಿಲೇ, ಅಂದ್ರೆ ಹಾರನ್‌ಗೆ ಕರೆಂಟ್ ಬಿಡುವ ಕಾಯಿಲ್ ಸ್ವಿಚ್. ಸ್ವಿಚ್ ಬಿಟ್ಟಾಗಲೆಲ್ಲ ಅದರ ಕಾಯಿಲ್ ಉಲ್ಟಾ ಸ್ಪೈಕ್ ಎಸೆಯುತ್ತದೆ, ನೂರಾರು ವೋಲ್ಟಿಗೂ ಹೋಗಬಹುದು. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಕೆಲವೇ ರೂಪಾಯಿ ಅಷ್ಟೆ. ಬಿಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ ಬರಬೇಕು. ಉಲ್ಟಾ ಹಾಕಿದರೆ ಮೊದಲ ಹಾರನ್‌ಗೇ ಫ್ಯೂಸ್ ಹೋಗುತ್ತದೆ.